ಚಿಕ್ಕಬೋರಯ್ಯ ಬರೆದ ಬಸಪ್ಪ

ಬೆಳಕವಾಡಿಯ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಹೊಂಗೆಕೊಪ್ಪಲಿನಲ್ಲಿ ಚಿಕ್ಕಬೋರಯ್ಯ ಸುಣ್ಣ ಬಳಿದ ಗೋಡೆಯನ್ನು ಬರಿಗಣ್ಣಿನಿಂದ ನೋಡಿದವರು ಕಡಿಮೆ. ನೋಡಿದವರಿಗೆ ಮಧ್ಯಾಹ್ನದ ತನಕ ಬೇರೇನೂ ಕಾಣಿಸುತ್ತಿರಲಿಲ್ಲ. ಆ ಗೋಡೆಯ ಮೇಲೆ ಬೆಳದಿಂಗಳು ಬಿತ್ತೆಂದರೆ ಹುಂಜಗಳು ಬೆಳಗಾಯಿತೆಂದು ಕೂಗಿ, ಹೆಂಗಸರು ಎದ್ದು ಬಾಗಿಲಿಗೆ ನೀರು ಹಾಕಿ, ಗಂಡಸರು ಹೋಗಿ ಅರ್ಧ ಗದ್ದೆ ಕುಯ್ದು ಬಂದರೂ ಸೂರ್ಯ ಹುಟ್ಟಿರುತ್ತಿರಲಿಲ್ಲವಂತೆ. ಮೇಲೆ ಹೋಗುವ ವಿಮಾನದವರು ಈ ಊರಿನ ಗುಡಿಗೋಡೆಯನ್ನು ಗುರುತು ಹಿಡಿದೇ ಮೈಸೂರಿನ ಕಡೆಗೆ ತಿರುಗುತ್ತಾರೆ ಎಂದು ಚಿಕ್ಕಬೋರಯ್ಯನೇ ಹೇಳುತ್ತಿದ್ದ. ಅದು ಸುಳ್ಳೆಂದು ವಿಮಾನದವರು ಯಾರೂ ಇಲ್ಲಿಯತನಕ ಬಂದು ಹೇಳಿಲ್ಲ.

ಒಂದಷ್ಟು ಕಬ್ಬು, ಒಂದಷ್ಟು ರಾಗಿ ಎಲ್ಲರಂತೆ ಅವನಿಗೂ ಇದ್ದವು. ಆದರೆ ಅವನ ಜೀವ ಇದ್ದದ್ದು ಗುಡಿಯ ಗೋಡೆಯಲ್ಲಿ. ವರ್ಷಕ್ಕೊಮ್ಮೆ ಊರ ಗುಡಿಗೆ ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆಯುವ ಹಕ್ಕು ತಾತನ ಕಾಲದಿಂದ ಅವನ ಮನೆಯದು. ಊರಿನ ಮನೆಗಳೆಲ್ಲ ಡಬ್ಬಿ ಪೇಂಟಿಗೆ ತಿರುಗಿದರೂ ಗುಡಿಗೆ ಸುಣ್ಣವೇ ಆಗಬೇಕೆಂಬ ಕಟ್ಟುಪಾಡು ಉಳಿದಿತ್ತು. ಅದರ ಜೊತೆಗೆ ಚಿಕ್ಕಬೋರಯ್ಯನೂ ಉಳಿದಿದ್ದ.

ಬಳಿಯುವುದು ಬೇರೆ, ಬರೆಯುವುದು ಬೇರೆ. ಅವನ ಕುಂಚಕ್ಕೆ ಗೊತ್ತಿದ್ದದ್ದು ಎರಡೇ ದಾರಿ, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಶಾಲೆಯಲ್ಲಿದ್ದಾಗ ಮೇಷ್ಟ್ರು ಮಾವಿನಕಾಯಿ ಬರೆಯಲು ಹೇಳಿ, ಇವನ ಸ್ಲೇಟು ನೋಡಿ, "ಇದು ಯಾರ ಮೂಗೋ?" ಎಂದು ಕೇಳಿ, ತಮ್ಮ ಮೂಗನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಆಮೇಲೆ ಬಾರಿಸಿದ್ದರು. ಅಲ್ಲಿಂದೀಚೆಗೆ ಅವನು ಏನನ್ನೂ ಬರೆದವನಲ್ಲ. ಸಹಿ ಮಾಡುವ ಕಡೆಯಲ್ಲೂ ಹೆಬ್ಬೆಟ್ಟು ಒತ್ತುತ್ತಿದ್ದ. ಅಕ್ಷರ ಬಾರದೆ ಅಲ್ಲ. ಹೆಬ್ಬೆಟ್ಟಾದರೆ ಚಿತ್ರ ತಾನಾಗಿಯೇ ಮೂಡುತ್ತದಲ್ಲ, ಅದಕ್ಕೆ.

ಇಂಥವನ ಕೊರಳಿಗೆ ಚಿತ್ರವನ್ನು ತಂದು ಕಟ್ಟಿದವನು ಬಸಪ್ಪ.

ಬಸಪ್ಪ ಎಂದರೆ ಗುಡಿಗೆ ಬಿಟ್ಟ ಬಸವ. ಹಾಲಿನಂಥ ಬಿಳಿ ಮೈ, ಬೆನ್ನ ಮೇಲೆ ರೇಷ್ಮೆ ವಸ್ತ್ರ, ಕಾಲಿಗೆ ಗೆಜ್ಜೆ. ಊರಿನಲ್ಲಿ ಯಾವ ತಕರಾರು ಬಂದರೂ ಕೊನೆಗೆ ಅವನ ಮುಂದೆ ಕೇಳುತ್ತಾರೆ. ಕೇಳುವವರು ನೆಲಕ್ಕೆ ಕೂತು ಅಂಗೈ ಚಾಚಬೇಕು. ಬಸಪ್ಪ ಯಾರ ಅಂಗೈಯಲ್ಲಿ ಬಲಗಾಲು ಇಡುತ್ತಾನೋ ಅವರ ಕಡೆಗೆ ತೀರ್ಮಾನ. ಪಾದ ಕೊಟ್ಟಮೇಲೆ ಅದೇ ಮಾತನ್ನು ಎರಡನೇ ಸಲ ಕೇಳುವಂತಿಲ್ಲ. ಕೋರ್ಟಿಗಾದರೆ ಅದರ ಮೇಲೊಂದು ಕೋರ್ಟಿದೆ. ಬಸಪ್ಪನ ಮೇಲೆ ಕೂರುವುದು ಕಾಗೆ ಮಾತ್ರ.

ಆ ವರ್ಷ ಗುಡಿ ರಿಪೇರಿಯಾಗಿ ಬಾಗಿಲ ಪಕ್ಕದಲ್ಲಿ ದೊಡ್ಡದೊಂದು ಹೊಸ ಗೋಡೆ ಎದ್ದಿತು. ಅಲ್ಲಿ ಬಸಪ್ಪನ ಚಿತ್ರ ಇರಬೇಕೆಂದು ಊರಿಗೆ ಊರೇ ಒಪ್ಪಿತು. ಯಾರು ಮಾಡಬೇಕೆಂಬಲ್ಲಿ ಕೆಟ್ಟಿತು. ಗುಡಿಯ ಯಜಮಾನ ಲಿಂಗಯ್ಯ ಮದ್ದೂರಿನಿಂದ ಬೋರ್ಡು ಬರೆಯುವ ರಘುನಂದನ್‌ನನ್ನು ಕರೆಸಿದ. ಪೂಜೆ ಮಾಡಿಕೊಂಡು ಬಸಪ್ಪನನ್ನು ಸಾಕುವ ಗುಡ್ಡಪ್ಪನಾಗಿದ್ದ ನಾಗಯ್ಯ, ಮಳವಳ್ಳಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ತನ್ನ ಭಾಮೈದ ಸಿದ್ದರಾಜುವನ್ನು ಕರೆಸಿದ. ಲಿಂಗಯ್ಯನಿಗೂ ನಾಗಯ್ಯನಿಗೂ ಎಷ್ಟು ಹೊಂದಾಣಿಕೆಯೆಂದರೆ, ಒಬ್ಬ ಹಗಲು ಎಂದರೆ ಇನ್ನೊಬ್ಬ ಟಾರ್ಚು ಹಾಕುತ್ತಿದ್ದ. ಸರಿ, ಬಸಪ್ಪನನ್ನೇ ಕೇಳೋಣ ಎಂದಾಯಿತು.

ರಘುನಂದನ್ ಒಂದು ಕಡೆ, ಸಿದ್ದರಾಜು ಒಂದು ಕಡೆ ಅಂಗೈ ಚಾಚಿ ಕೂತರು. "ನಿನ್ ಚಿತ್ರ ಯಾರ್ ಬರೀಬೇಕೋ ನೀನೇ ತೋರ್ಸಪ್ಪ" ಎಂದು ಕೇಳಿದ್ದಾಯಿತು. ಬಸಪ್ಪ ಗೆಜ್ಜೆ ಆಡಿಸುತ್ತ ಹೊರಟ. ಅತ್ತ ಗುಡಿಯ ಮೂಲೆಯಲ್ಲಿ ಚಿಕ್ಕಬೋರಯ್ಯ ಕುಕ್ಕುರುಗಾಲಲ್ಲಿ ಕೂತು ನೆಲಕ್ಕೆ ಸಿಡಿದಿದ್ದ ಸುಣ್ಣ ಕೆರೆಯುತ್ತಿದ್ದ. ಯಾರೋ ಕಡ್ಲೆ ಬೆಲ್ಲ ಹಂಚುತ್ತ ಅತ್ತ ಬಂದರು. ಚಿಕ್ಕಬೋರಯ್ಯ ತಲೆ ಎತ್ತದೆ ಕೈ ಚಾಚಿದ. ಕೈಗೆ ಬಿದ್ದದ್ದು ಬೆಲ್ಲಕ್ಕಿಂತ ಬಹಳ ಭಾರವಾಗಿತ್ತು.

"ಅಯ್ಯಯ್ಯಪ್ಪೋ! ನಾನು ಬೆಲ್ಲಕ್ ಕೈ ಒಡ್ಡಿದ್ದು ಕಣ್ರಪ್ಪೋ!"

"ಬೆಲ್ಲ ಕೇಳ್ದೋನಿಗೆ ಪಾದನೇ ಸಿಕ್ತಲ್ಲ, ಇನ್ನೇನ್ಲಾ ಬೇಕು ನಿಂಗೆ?" ಎಂದ ಲಿಂಗಯ್ಯ.

"ನಂಗೆ ಬರಿಯಾಕ್ ಬರಾಕಿಲ್ಲ ಕಣ್ ಲಿಂಗಣ್ಣ."

"ಅದು ನಂಗೂ ಗೊತ್ತು, ಊರ್ಗೂ ಗೊತ್ತು. ಬಸಪ್ಪಂಗ್ ಗೊತ್ತಿಲ್ವಾ? ಗೊತ್ತಿದ್ದೂ ಕೊಟ್ಟವ್ನೆ ಅಂದ್ರೆ ಏನೋ ಅದೆ."

ನಾಗಯ್ಯ ಹುಟ್ಟಿದಾಗಿನಿಂದ ಮೊದಲ ಸಲ ಲಿಂಗಯ್ಯನ ಮಾತಿಗೆ ತಲೆಯಾಡಿಸಿದ. "ಕಡೇ ಕಾರ್ತಿಕ ಸೋಮಾರದೊಳಗೆ ಆಗ್ಬೇಕು. ಬಸಪ್ಪನ್ ಮಾತು ಮೀರಿದ್ರೆ ನಾಳಿಂದ ಗುಡಿ ಗ್ವಾಡೆ ಮುಟ್ಟಂಗಿಲ್ಲ, ಸುಣ್ಣಾನೂ ಬುಟ್‌ಬುಡು. ಬರ್ದು ಬಸಪ್ಪನ್ ಮಾನ ಕಳೆದ್ರೂ ಅಷ್ಟೇಯ."

ಬರೆಯದಿದ್ದರೂ ಸುಣ್ಣ ಹೋಯಿತು, ಕೆಟ್ಟದಾಗಿ ಬರೆದರೂ ಸುಣ್ಣ ಹೋಯಿತು. ಚೆನ್ನಾಗಿ ಬರೆಯುವ ದಾರಿಯೊಂದು ಉಳಿದಿತ್ತು. ಅದು ಎಲ್ಲಿಂದ ಶುರುವಾಗುತ್ತದೆಂದು ಚಿಕ್ಕಬೋರಯ್ಯನಿಗೆ ತಿಳಿಯಲಿಲ್ಲ.

ಮನೆಗೆ ಬಂದು ಅಂಗಳ ಗುಡಿಸಿ, ನೀರು ಚಿಮುಕಿಸಿ, ಸುಣ್ಣದಲ್ಲಿ ಒಂದು ಬಸಪ್ಪನನ್ನು ಎಳೆದ. ಹೆಂಡತಿ ಚಲುವಮ್ಮ ಮನೆಯೊಳಗಿಂದ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅದೇನಯ್ಯಾ ಅದು, ಅಲಸಿನಣ್ಣಿಗೆ ಕೊಂಬ್ ಬಂದದೆ?"

"ಬಸಪ್ಪ ಕಣಮ್ಮಿ."

ಚಲುವಮ್ಮ ಗಲ್ಲ ಗಲ್ಲ ಬಡಿದುಕೊಂಡಳು. "ತೆಪ್ಪಾಯ್ತು ಸ್ವಾಮಿ" ಎಂದು ಕೈ ಮುಗಿಯಲು ಹೋದವಳು ಅರ್ಧದಲ್ಲೇ ನಿಂತು, "ತಲೆ ಯಾವ್ ಕಡೀಕದೆ ಏಳು. ಬಾಲಕ್ ಮುಗಿದ್ಬುಟ್ಟೇನು" ಎಂದಳು.

ಹೇಳಬೇಕೆಂದರೆ ಅವನಿಗೂ ಖಾತ್ರಿ ಇರಲಿಲ್ಲ. ಹುಟ್ಟಿದಾಗಿನಿಂದ ದನದ ಜೊತೆಯಲ್ಲೇ ಬೆಳೆದವನು, ಕತ್ತಲಲ್ಲಿ ಸಗಣಿ ತುಳಿದರೂ ಯಾವ ಹಸುವಿನದೆಂದು ಹೇಳುವವನು. ಅಂಥವನಿಗೆ ಈಗ ಕುಂಚ ಹಿಡಿದು ಕೂತರೆ ಎತ್ತಿನ ಕಿವಿ ಕೊಂಬಿನ ಮುಂದಿದೆಯೋ ಹಿಂದಿದೆಯೋ ನೆನಪಾಗುತ್ತಿಲ್ಲ! ಕರಿಯಪ್ಪನ ಟೀ ಅಂಗಡಿಗೆ ಹೋಗಿ ಅದನ್ನೇ ಕೇಳಿದ. ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಉಳೋನ್ ಕೇಳೋ ಮಾತೇನ್ಲಾ ಇದು? ಮುಂದ್ಗಡೆ ಕಣ್ಲಾ."

"ಥೂ ನಿನ್ನ, ಇಂದ್ಗಡೆ ಕಣ್ಲಾ."

"ಮುಂದೂ ಇಲ್ಲ, ಇಂದೂ ಇಲ್ಲ, ಕೆಳ್ಗಡೆ" ಎಂದು ಕರಿಯಪ್ಪ ಟೀ ಸೋಸುವುದನ್ನೇ ನಿಲ್ಲಿಸಿದ.

ನಗು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ಕಿವಿಯಿಂದ ಇಳಿದು ಮಂಡಿಗೆ ಬಂತು. ಎತ್ತಿನ ಹಿಂಗಾಲು ಮುಂದಕ್ಕೆ ಮಡಚುತ್ತದೋ ಹಿಂದಕ್ಕೋ ಎಂದು ಕೈ ಕೈ ಮಿಲಾಯಿಸುವ ಹಂತ ಮುಟ್ಟಿತು. ಒಬ್ಬ, "ಇಂಗೆ ನೋಡು" ಎಂದು ನಾಲ್ಕು ಕಾಲಲ್ಲಿ ನಿಂತು ತೋರಿಸಲು ಹೋಗಿ ಸೊಂಟ ಹಿಡಿದುಕೊಂಡು ಹಾಗೇ ಉಳಿದ. ಅವನನ್ನು ಆ ಭಂಗಿಯಲ್ಲೇ ಮನೆಗೆ ಹೊತ್ತೊಯ್ದರು. ಅವನ ಹಸು ಅವನನ್ನು ನೋಡಿ ಕೊಟ್ಟಿಗೆಯಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟಿತಂತೆ. ಉಳಿದವರು ಅದೇ ಹಸುವಿನ ಮುಂದೆ ನಿಂತು ಕಿವಿ ನೋಡಿದರು. ಅದು ನೊಣ ಓಡಿಸಲು ಕಿವಿಯನ್ನು ಹಿಂದಕ್ಕೂ ಮುಂದಕ್ಕೂ ಬಡಿಯಿತು. ಎಲ್ಲ ಪಕ್ಷದವರೂ ಗೆದ್ದೆವೆಂದು ಹೋದರು. ಚಿಕ್ಕಬೋರಯ್ಯ ಬಂದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತುಕೊಂಡು ಮನೆಗೆ ಬಂದ.

ಸಿದ್ದರಾಜು ಪಾಪ ಒಳ್ಳೆಯವನು. ಕೆಲಸ ತಪ್ಪಿದರೂ ಬಸಪ್ಪನ ಫೋಟೋ ತೆಗೆದು ಚಲುವಮ್ಮನ ಫೋನಿಗೆ ಕಳಿಸಿದ. "ಇದ್ ನೋಡ್ಕಂಡ್ ಎಳೀರಿ ಬೋರಣ್ಣ, ಏನಿಲ್ಲ." ಚಿಕ್ಕಬೋರಯ್ಯ ಫೋನು ನೋಡಿ, ಕೊಂಬನ್ನು ಮನಸ್ಸಿಗೆ ತಂದುಕೊಂಡು, ಕುಂಚ ಅದ್ದಿ ತಿರುಗುವಷ್ಟರಲ್ಲಿ ಫೋನು ಕಪ್ಪಾಗುತ್ತಿತ್ತು. ಮತ್ತೆ ಬೆಳಕು ಬರಿಸುವಷ್ಟರಲ್ಲಿ ಕುಂಚ ಒಣಗುತ್ತಿತ್ತು. ಕೊನೆಗೆ ಬೆರಳು ತಾಗಿ ಬಸಪ್ಪ ಹೋಗಿ, ಯಾರೋ ನೆಂಟರ ಮದುವೆಯ ಗಂಡು ಬಂದು ನಿಂತ. ಆ ಗಂಡಿನ ಕಿವಿ ಎಲ್ಲಿದೆಯೆಂದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಅದರಿಂದ ಉಪಯೋಗವಿರಲಿಲ್ಲ.

ಆಮೇಲೆ ಬಸಪ್ಪನ ಕೊಟ್ಟಿಗೆಗೇ ಹೋಗಿ ಎದುರಿಗೆ ನಿಂತ. ನೋಡಿದ, ನೋಡಿದ, ಬಸಪ್ಪನೂ ನೋಡಿದ. ಯಾರು ಯಾರ ಚಿತ್ರ ಬರೆಯಬೇಕಾಗಿದೆ ಎಂಬುದೇ ಮರೆತುಹೋಗುವಷ್ಟು ಹೊತ್ತು ಇಬ್ಬರೂ ನೋಡಿಕೊಂಡರು. ಎಲ್ಲವನ್ನೂ ತಲೆಯಲ್ಲಿ ತುಂಬಿಕೊಂಡು, ತುಂಬಿದ ಕೊಡ ಹೊತ್ತವನಂತೆ ಕತ್ತು ಅಲುಗಿಸದೆ ಮನೆಯ ಕಡೆಗೆ ಹೊರಟ. ದಾರಿಯಲ್ಲಿ ಯಾರೋ "ಊಟ ಆಯ್ತಾ ಬೋರಣ್ಣ?" ಎಂದರು. "ಊಂ" ಎಂದ. ಅಷ್ಟಕ್ಕೆ ಕೊಂಬೆರಡೂ ಚೆಲ್ಲಿಹೋದವು.

ಸೋಮವಾರ ಹತ್ತಿರ ಬಂತು. ಚಿಕ್ಕಬೋರಯ್ಯ ಗೋಡೆಗೆ ಅಡ್ಡಲಾಗಿ ಟಾರ್ಪಾಲು ಕಟ್ಟಿಕೊಂಡು ಒಳಗೆ ಸೇರಿದ. ಮೊದಲು ಕಾಲು. ಕಾಲೆಂದರೆ ಪಟ್ಟೆಯೇ ತಾನೆ, ಮೇಲಿನಿಂದ ಕೆಳಕ್ಕೆ ಬಂದರೆ ಸಾಕು. ಕೆಮ್ಮಣ್ಣಿನಲ್ಲಿ ದಾರ ಹಿಡಿದಂತೆ ನೆಟ್ಟಗೆ ನಾಲ್ಕು ಬಂದವು. ಕೈಗೆ ಹುರುಪು ಬಂದು ಐದನೆಯದೂ ಬಂತು. ಅದಕ್ಕೆ ಬಾಲ ಎಂದು ಹೆಸರಿಟ್ಟ. ಮೈಯನ್ನು ಸುಣ್ಣದಲ್ಲಿ, ಪಕ್ಕದಿಂದ ಕಾಣುವ ಹಾಗೆ ಎಳೆದ. ಮುಖಕ್ಕೆ ಬಂದಾಗ ಕುಂಚ ಕೆಳಗಿಟ್ಟ. ಪಕ್ಕದಿಂದ ಬರೆದರೆ ಒಂದೇ ಕಣ್ಣು ಕಾಣುತ್ತದೆ. ಊರಿಗೆಲ್ಲ ನ್ಯಾಯ ಹೇಳುವ ಬಸಪ್ಪನನ್ನು ಒಕ್ಕಣ್ಣ ಮಾಡಿ ನಿಲ್ಲಿಸುವುದೆ? ಯಾವ ನರಕಕ್ಕೆ ಹೋಗಬೇಕು? ಆದ್ದರಿಂದ ಮೈ ಪಕ್ಕಕ್ಕೆ, ಮುಖ ಮಾತ್ರ ಎದುರಿಗೆ. ಕೆಮ್ಮಣ್ಣಿನಲ್ಲೇ ಎರಡು ಕಣ್ಣು, ಎರಡು ಹೊಳ್ಳೆ, ಎರಡು ಕೊಂಬು. ಕಿವಿಯನ್ನು, ಯಾವ ಪಕ್ಷಕ್ಕೂ ನೋವಾಗದ ಹಾಗೆ, ಕೊಂಬಿನ ಮುಂದೊಂದು ಹಿಂದೊಂದು ಇಟ್ಟ.

ಆಗ ಗೊತ್ತಾಯಿತು, ಬಸಪ್ಪ ಬಿಳಿ, ಗೋಡೆಯೂ ಬಿಳಿ. ಹಿಂದಕ್ಕೆ ಸರಿದು ನೋಡಿದರೆ ಐದು ಕಾಲೂ ಒಂದು ಮುಖವೂ ಗಾಳಿಯಲ್ಲಿ ನಿಂತಿದ್ದವು. ಸುತ್ತ ಕೆಮ್ಮಣ್ಣಿನ ಗೆರೆ ಎಳೆದ. ಗೆರೆ ಅಂಕುಡೊಂಕಾಯಿತು. ಅದನ್ನು ಮುಚ್ಚಲು ಬೆನ್ನ ಮೇಲೆ ರೇಷ್ಮೆ ವಸ್ತ್ರ ಹೊದಿಸಿದ. ವಸ್ತ್ರಕ್ಕೆ ಏನು ಮಾದರಿ ಹಾಕುವುದು? ಕೈಗೆ ಬರುವ ಗುಡಿಗೋಡೆಯ ಪಟ್ಟೆಯನ್ನೇ ಹಾಕಿದ, ಸುಣ್ಣ, ಕೆಮ್ಮಣ್ಣು, ಸುಣ್ಣ, ಕೆಮ್ಮಣ್ಣು.

ಸೋಮವಾರ ಊರೆಲ್ಲ ಸೇರಿತು. ಟಾರ್ಪಾಲು ಸರಿಯಿತು. ಹಿಂದಿನಿಂದ ಕರಿಯಪ್ಪನ ದನಿ ಕೇಳಿಸಿತು.

"ಅಲ್ಲ ಕಣ್ರಪ್ಪ, ಗುಡಿಗೇ ಕಾಲ್ ಬಂದು ಒಂಟೋಗ್ತಾ ಅದಲ್ಲ!"

"ಅದ್ಯಾಕ್ಲಾ ಬೋರ, ಬಸಪ್ಪ ನಮ್ಮುನ್ನ ಸಾಲ ಕೇಳೋನಂಗ್ ನೋಡ್ತಾವ್ನೆ?" ಎಂದ ಇನ್ನೊಬ್ಬ. ರಘುನಂದನ್ ಮದ್ದೂರಿನಿಂದ ಚಿತ್ರ ನೋಡಲೆಂದೇ ಬಂದಿದ್ದ. ಕಾಲು ಎಣಿಸಿದ, ಮತ್ತೆ ಮೊದಲಿನಿಂದ ಎಣಿಸಿದ.

ಚಿಕ್ಕಬೋರಯ್ಯ ಯಾರ ಮುಖವನ್ನೂ ನೋಡದೆ ಗೋಡೆಯ ಬುಡದಲ್ಲಿ ಕೂತು, ಕೆಮ್ಮಣ್ಣು ಮೆತ್ತಿದ ಅಂಗೈ ಚಾಚಿದ. ತಾತನ ಕುಂಚ ಇವತ್ತಿಗೆ ಮನೆಯಿಂದ ಹೋಯಿತು ಎಂದುಕೊಂಡ. ಚಿತ್ರ ಒಪ್ಪಿಗೆಯೋ ಅಲ್ಲವೋ ಕೇಳಲು ಬಸಪ್ಪನನ್ನೇ ಕರೆತಂದು ಅದರ ಎದುರಿಗೆ ನಿಲ್ಲಿಸಿದರು. ಯಜಮಾನ ಕೇಳಬೇಕೋ ಗುಡ್ಡಪ್ಪ ಕೇಳಬೇಕೋ ಎಂದು ಮೊದಲೇ ಮಾತಾಡಿಕೊಂಡಿರಲಿಲ್ಲ. ಮಾತಾಡಿಕೊಳ್ಳುವಷ್ಟು ಮಾತು ಅವರ ನಡುವೆ ಇರಲೂ ಇಲ್ಲ. ಲಿಂಗಯ್ಯ ಬಲಗಡೆಯಿಂದ, "ಒಪ್ಗೆ ಆಗಿದ್ರೆ ಪಾದ ಕೊಡಪ್ಪ" ಎಂದ. ಅದೇ ಉಸಿರಿನಲ್ಲಿ ನಾಗಯ್ಯ ಎಡಗಡೆಯಿಂದ, "ಅಳಿಸ್ಬೇಕು ಅಂತಿದ್ರೆ ಪಾದ ಕೊಡಪ್ಪ" ಎಂದ.

ಬಸಪ್ಪ ಚಿತ್ರವನ್ನು ನೋಡಿದ, ಒಮ್ಮೆ ಮೂಸಿದ, ಬಲಗಾಲೆತ್ತಿ ಚಿಕ್ಕಬೋರಯ್ಯನ ಅಂಗೈಯಲ್ಲಿ ಇಟ್ಟ.

"ಕೊಟ್ಟ! ಒಪ್ಕಂಡ!" ಎಂದು ಕುಣಿದ ಲಿಂಗಯ್ಯ.

"ಕೊಟ್ಟ! ಅಳ್ಸು ಅಂದ!" ಎಂದು ಕುಣಿದ ನಾಗಯ್ಯ.

ಊರು ಎರಡಾಗಿ ಚಿಕ್ಕಬೋರಯ್ಯನ ಮೇಲೆ ಮುಗಿಬಿದ್ದಿತು. "ಲೇ, ಪಾದ ಬಿದ್ದಿದ್ದು ನಿನ್ ಕೈಗೆ. ಯಾರ್ ಮಾತಿಗ್ ಕೊಟ್ಟ, ನೀನೇ ಏಳ್ಲಾ."

"ಬೆರಳು ಅಪ್ಪಚ್ಚಿ ಆಗ್ತಿತ್ತು ಕಣ್ರಪ್ಪ, ನಂಗ್ ಯಾವ್ ಮಾತೂ ಕೇಳಿಸ್ನಿಲ್ಲ" ಎಂದ. ಅದು ಸತ್ಯ.

ಎರಡನೇ ಸಲ ಕೇಳುವಂತಿಲ್ಲ. ಅಳಿಸಿದರೆ ಒಪ್ಪಿದ್ದನ್ನು ಅಳಿಸಿದಂತೆ, ಪೂಜೆ ಮಾಡಿದರೆ ಅಳಿಸೆಂದದ್ದನ್ನು ಪೂಜಿಸಿದಂತೆ. ದೀಪವನ್ನು ಗೋಡೆಗೂ ಬಾಗಿಲಿಗೂ ನಡುವೆ, ಯಾರಿಗೆ ಹಚ್ಚಿದ್ದೆಂದು ದೇವರಿಗೂ ಗೊತ್ತಾಗದ ಜಾಗದಲ್ಲಿ ಹಚ್ಚಿಟ್ಟು ಜನ ಮನೆಗೆ ಹೋದರು.

ವರ್ಷ ತಿರುಗಿ ಸುಣ್ಣದ ಕಾಲ ಬಂತು. ಈ ಸಲ ಚಿಕ್ಕಬೋರಯ್ಯನನ್ನು ಕರೆಯಬೇಕೋ ಬಿಡಬೇಕೋ ಎಂದು ಊರಿಗೇ ತಿಳಿಯಲಿಲ್ಲ. ಬೇರೆಯವರನ್ನು ಕೇಳಿ ನೋಡಿದರು. ಕುಂಚ ಒಂದು ಬೆರಳು ಒಳಕ್ಕೆ ಹೋದರೆ ಬಸಪ್ಪನನ್ನು ಅಳಿಸಿದ ಪಾಪ, ಒಂದು ಬೆರಳು ಹೊರಗುಳಿದರೆ ಬಸಪ್ಪ ಅಳಿಸೆಂದದ್ದನ್ನು ಉಳಿಸಿದ ಪಾಪ. ಆ ಗೋಡೆಯ ಮುಂದೆ ಏಣಿ ಹಾಕಲು ಬೆಳಕವಾಡಿಯತನಕ ಹುಡುಕಿದರೂ ಗಂಡಾಳು ಸಿಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಲಿಂಗಯ್ಯನೂ ನಾಗಯ್ಯನೂ ಒಬ್ಬರ ಹಿಂದೊಬ್ಬರು ಬಂದು ಚಿಕ್ಕಬೋರಯ್ಯನ ಜಗಲಿಯ ಎರಡು ತುದಿಗೆ ಕೂತರು.

"ನೀನೇ ಬಳ್ದುಬುಡ್ಲಾ" ಎಂದ ಲಿಂಗಯ್ಯ.

"ಊ ಕಣ್ಲಾ, ಸುಣ್ಣ ಬಳ್ಯಾದು ನಿನ್ ಮನೆ ಅಕ್ಕು" ಎಂದ ನಾಗಯ್ಯ.

ಚಿಕ್ಕಬೋರಯ್ಯ ಗೆದ್ದೆನೋ ಸೋತೆನೋ ತಿಳಿಯದೆ ಬಕೆಟ್ಟು ಹಿಡಿದು ಹೊರಟ. ಚಲುವಮ್ಮ ಏಣಿ ಹಿಡಿಯಲು ಜೊತೆಗೆ ಬಂದಳು. ವರ್ಷದ ಮಳೆಗೆ ಕೆಮ್ಮಣ್ಣಿನ ಗೆರೆ ಅಲ್ಲಲ್ಲಿ ತೊಳೆದುಹೋಗಿ, ಬಿಳಿ ಬಸಪ್ಪನೂ ಬಿಳಿ ಗೋಡೆಯೂ ಒಂದಾಗಿದ್ದವು. ಅವನು ಏಣಿ ಹತ್ತಿ, ಕುಂಚ ಎತ್ತಿ, ಹಾಗೇ ನಿಂತುಬಿಟ್ಟ.

"ಯಾಕಯ್ಯಾ, ನಿಂತೇಬುಟ್ಟೆ?"

"ಇದು ಬಸಪ್ಪನ್ ಒಟ್ಟೆಯೋ ಗ್ವಾಡೆಯೋ ಗೊತ್ತಾಯ್ತಾ ಇಲ್ಲ ಕಣಮ್ಮಿ."

"ಬರ್ದೋನು ನೀನೇ ಅಲ್ವಾ?"

"ಅದಕ್ಕೇ ಗೊತ್ತಾಯ್ತಾ ಇಲ್ಲ."

ಕುಂಚದಿಂದ ಸುಣ್ಣ ತೊಟ್ಟಿಕ್ಕಿ ಚಲುವಮ್ಮನ ತಲೆಯ ಮೇಲೆ ಬಿತ್ತು. ಅವಳು ಸೆರಗಿನಿಂದ ಒರೆಸಿಕೊಂಡು, "ಬಿಸ್ಲು ಏರೋಕ್ ಮುಂಚೆ ಯಾವ್ದಾದ್ರೂ ಒಂದ್ ಕಡೀಕ್ ಬಳಿ" ಎಂದು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.