ಹಕೀಮ ಸಾಬರ ಫರಸಿ

ಆ ದಿನಗಳಲ್ಲಿ ನಮ್ಮೂರಿಗೆ ಗ್ರೀಕರ ಜ್ಞಾನ ಬರುತ್ತಿದ್ದುದು ಪುಸ್ತಕದಿಂದಲ್ಲ, ಹಕೀಮ ಸಾಬರ ಕಷಾಯದ ಜೊತೆಗೆ. ಅವರದು ಯುನಾನಿ ವೈದ್ಯ. ಯುನಾನ್ ಎಂದರೆ ಗ್ರೀಸ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಚಿತ್ತಾಪುರದ ಹತ್ತಿರ, ಕಾಗಿಣಾ ಹೊಳೆಯ ದಂಡೆಯ ಊರು ನಮ್ಮದು. ಸಾಬರ ಬಾಗಿಲ ಮುಂದೆ ಶಹಾಬಾದಿನ ಕಲ್ಲಿನ ದೊಡ್ಡ ಫರಸಿ, ಅಂದರೆ ಹಾಸುಗಲ್ಲು, ಇತ್ತು. ರೋಗಿಗಳು ಅದರ ಮೇಲೆ ಕೂರುತ್ತಿದ್ದರು. ಅದರ ಮೂಲೆಯಲ್ಲಿ ನಾನೂ ಸಾಬರ ಮೊಮ್ಮಗಳು ಮೆಹರುವೂ ಮೊಳೆಯಿಂದ ಚೌಕಾಬಾರದ ಮನೆಗಳನ್ನು ಕೊರೆದಿದ್ದೆವು. ಸೋಂಪು, ಗುಲ್ಕಂದದ ವಾಸನೆಯಲ್ಲೇ ನಮ್ಮ ಆಟ.

ನನ್ನಜ್ಜ, ನಮ್ಮ ಮುತ್ಯಾನಿಗೆ ದಮ್ಮಿತ್ತು. ಚಳಿ ಶುರುವಾದರೆ ಸಾಬರ ಫರಸಿಯೇ ಗತಿ.

"ಹೋದ ವರ್ಷ ಕೊಟ್ಟಿದ್ರಲ್ಲ ಸಾಬ್ರ, ಅದೇ ಕೊಡ್ರಿ."

"ಅದು ಹೋದ ವರ್ಷದ ಗೌಡ್ರಿಗೆ. ಅವರೀಗ ಎಲ್ಲಿದಾರ? ಕೈ ಕೊಡ್ರಿ, ನಾಡಿ ನೋಡ್ತೀನಿ. ಯುನಾನದ ಹಿರ್‍ಯಾ ಒಬ್ಬ ಹೇಳ್ಯಾನ, ಒಂದೇ ಹೊಳಿಯಾಗ ಎರಡು ಸಲ ಕಾಲಿಡಾಕ ಬರಂಗಿಲ್ಲ. ನೀರೂ ಬ್ಯಾರೆ, ಕಾಲೂ ಬ್ಯಾರೆ."

ನನ್ನ ಬಾಯಿ ಆಗಲೇ ಸುಮ್ಮನಿರುತ್ತಿರಲಿಲ್ಲ. "ಹಂಗಾದ್ರ ನಿನ್ನಿ ಸೋತ ಹುಣಸಿ ಬೀಜ ಮೆಹರು ನನಗ ಕೊಡೂದು ಬ್ಯಾಡೇನು? ಸೋತಾಕಿ ನಿನ್ನಿ ಮೆಹರು!"

ಸಾಬರು ಗಡ್ಡ ಕುಣಿಯುವಂತೆ ನಕ್ಕರು. "ಶಾಬಾಸ್ ಬೇಟಿ! ಕೊಡಬೇಕು, ಸೋತದ್ದು ಸೋತದ್ದೇ. ಈ ಮಾತು ಸಾಲ ತೀರಸದವ್ರ ಮುಂದ ಹೇಳಬ್ಯಾಡ, ಭಾಳ ಖುಷಿ ಆಗ್ತಾರ."

ನಲವತ್ತೆಂಟರಲ್ಲಿ ಭಾರತ ಸರ್ಕಾರದ ದಂಡು ಬಂತು, ನಿಜಾಮರ ಬಾವುಟ ಇಳಿಯಿತು. ಊರಿಗೆ ಊರೇ "ಕಾಲ ಬದಲಾತು" ಎನ್ನತೊಡಗಿತು. ನಿನ್ನೆಯವರೆಗೆ ಫರಸಿಯ ಮೇಲೆ ಕೂತು ಕೆಮ್ಮಿದವರು ಈಗ ಆ ಓಣಿಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದರು. ಮುತ್ಯಾನಿಗೆ ವಾಡಿ ಪೇಟೆಯಿಂದ ಇಂಗ್ಲಿಷ್ ಗುಳಿಗೆ ಬರತೊಡಗಿತು. ಮೆಹರುವಿನೊಡನೆ ಆಡಬೇಡವೆಂದು ಮನೆಯಲ್ಲಿ ತಾಕೀತಾಯಿತು.

ಒಂದು ಮುಂಜಾನೆ ನಮ್ಮ ಬಾಗಿಲ ಮುಂದೆ ಬಂಡಿ ನಿಂತಿತು. ಸಾಬರ ಮನೆಯವರು ವಾಡಿಗೆ ಹೊರಟಿದ್ದರು, ಅಲ್ಲಿಂದ ರೈಲು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಮುತ್ಯಾ ಒಳಗಿದ್ದ, ಅವನ ಉಬ್ಬಸ ಬೀದಿಗೂ ಕೇಳುತ್ತಿತ್ತು. ಸಾಬರು ಒಂದು ಪೊಟ್ಟಣ ನನ್ನ ಕೈಗಿಟ್ಟರು.

"ಮುತ್ಯಾಗ ಕೊಡು. ನಾಡಿ ನೋಡದೇ ಕೊಡಾಕತ್ತೀನಿ, ಮಾಫ್ ಮಾಡ್ರಿ ಅಂತ ಹೇಳು."

ಮುತ್ಯಾ ಹೊರಗೆ ಬರಲಿಲ್ಲ. ಪೊಟ್ಟಣ ಮಾತ್ರ ಇಸಿದುಕೊಂಡ. ಬಂಡಿಯ ಹಿಂದಿನಿಂದ ಮೆಹರು ಕೈ ಬೀಸಿದಳೋ ಕಣ್ಣೊರೆಸಿಕೊಂಡಳೋ, ಧೂಳಿನಲ್ಲಿ ಕಾಣಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಮ್ಮ ಬಚ್ಚಲಿಗೆ ಹೊಸ ಹಾಸುಗಲ್ಲು ಬಂತು. ಮೊದಲ ತಂಬಿಗೆ ನೀರು ಸುರಿದುಕೊಂಡಾಗ ಕಾಲ ಬಳಿ, ತೊಯ್ದ ಕಲ್ಲಿನ ಮೂಲೆಯಲ್ಲಿ, ಗೆರೆಗಳು ಮೂಡಿದವು. ಚೌಕಾಬಾರದ ಮನೆಗಳು. ತೊಯ್ದ ಲಂಗದಲ್ಲೇ ಪಡಸಾಲೆಗೆ ಓಡಿದೆ.

"ಮುತ್ಯಾ, ಇದು ಸಾಬರ ಫರಸಿ!"

"ಕಾಲ ಬದಲಾತು ಯವ್ವಾ," ಎಂದ ಮುತ್ಯಾ, ನನ್ನ ಕಡೆ ನೋಡದೆ. "ಸಾಬ್ರೇ ಹೇಳ್ತಿದ್ರಲ್ಲ, ಎಲ್ಲಾ ಹೊಳಿ ಇದ್ದಂಗ."

"ಹೊಳಿ ತಾನೇ ಹರೀತದ. ಫರಸಿನೂ ತಾನೇ ಹರಕೊಂತ ಬಂತೇನು? ಎತ್ತಿದವ್ರು ಯಾರು?"

"ಇದರ ಬಾಯಿ ಭಾಳಾತು," ಎಂದು ಅವ್ವ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಇವತ್ತಿಗೂ ಆ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಈಗ ಕಾಲೇಜಿನ ಚರ್ಚಾಕೂಟಗಳಲ್ಲಿ 'ಬದಲಾವಣೆಯೇ ಜಗದ ನಿಯಮ' ಎಂದವರಿಗೆ ಚಪ್ಪಾಳೆ ಬೀಳುತ್ತದೆ. ನಮ್ಮ ಸಂಸ್ಥಾನವೇ ಒಡೆದು ಹೊಸ ರಾಜ್ಯವಾಗುವ ಈ ವರ್ಷವಂತೂ ಹೊಳೆಯ ಉಪಮೆಯಿಲ್ಲದ ಭಾಷಣವಿಲ್ಲ. ನಾನು ಪ್ರತಿಪಕ್ಷದಲ್ಲಿ ನಿಲ್ಲುತ್ತೇನೆ. ಹೊಳೆಯ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಯಾರು ಹೊಗಳುತ್ತಾರೆ, ಅವರ ಬಚ್ಚಲಲ್ಲಿ ಯಾರ ಕಲ್ಲಿದೆ, ಅಷ್ಟು ಕೇಳಬೇಕೆನಿಸುತ್ತದೆ.

ಹೋದ ಚಳಿಗಾಲ ಮುತ್ಯಾ ತೀರಿಕೊಂಡ. ಉಸಿರು ಸಿಗದೆ ಒದ್ದಾಡುವಾಗ ಗುಳಿಗೆ ನೂಕಿ, ಮಣಿಕಟ್ಟು ಮೇಲಾಗಿ ಕೈ ಚಾಚಿದ. "ಸಾಬ್ರಿಗೆ ಕರೀರಿ," ಎಂದ.

ಆ ಕೈಯನ್ನು ಹಿಡಿದು, ಇವತ್ತಿನ ಗೌಡರು ಹೇಗಿದ್ದಾರೆಂದು ನೋಡಬಲ್ಲವರು ಊರಲ್ಲಿ ಒಬ್ಬರೂ ಇರಲಿಲ್ಲ. ಅವನ ಹೆಣಕ್ಕೆ ಆ ಫರಸಿಯ ಮೇಲೆಯೇ ನೀರು ಹಾಕಿದರು.