ಏಕವಚನದ ಮ್ಯಾಟ್ರಿಕ್ಸ್

"ಬನ್ನಿ ಮೇಡಂ, ಕೂತ್ಕೊಳ್ಳಿ."

ಕಳೆದ ಭಾನುವಾರ ಅಜ್ಜಂಪುರದ ಒಂದು ಮನೆಯ ಬಾಗಿಲಲ್ಲಿ ಈ ಮಾತು ಕೇಳಿ ಹಿಂದೆ ತಿರುಗಿ ನೋಡಿದೆ. ಯಾವ ಮೇಡಂ ಬಂದರಪ್ಪಾ ಅಂತ! ಯಾರೂ ಇರಲಿಲ್ಲ. ಮೇಡಂ ನಾನೇ. ಕರೆದವಳು ರತ್ನ.

ರತ್ನ ಯಾರು ಅಂತೀರಾ? ಬಿ.ಎಸ್ಸಿ.ಯಲ್ಲಿ ನನ್ನ ಬೆಂಚಿನವಳು. ನಯಾಪೈಸೆ ಹೊಸದಾಗಿ ಬಂದ ಕಾಲ. ನಾನು ಕಡೂರಿನವಳು, ಅವಳು ಶಿವನಿಯವಳು. ರಜೆಗೆ ಮೈಸೂರಿನಿಂದ ರೈಲು ಹತ್ತಿದರೆ ಕಡೂರು ಬರುವವರೆಗೆ ಇಬ್ಬರ ಬಾಯಿಗೂ ಬಿಡುವಿಲ್ಲ. ಏನೇ, ಹೋಗೇ, ಸುಮ್ನಿರೇ!

ಒಮ್ಮೆ ಮೇಷ್ಟ್ರು ಕ್ಲಾಸಿನಲ್ಲಿ ಕೇಳಿದರು, ಸಿಂಗ್ಯುಲರ್ ಮ್ಯಾಟ್ರಿಕ್ಸ್ ಅಂದರೇನು? ರತ್ನ ತಟ್ಟನೆ ಎದ್ದಳು. "ಏಕವಚನದ ಮ್ಯಾಟ್ರಿಕ್ಸ್ ಸಾರ್!"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. (ವ್ಯಾಕರಣದಲ್ಲಿ ಸಿಂಗ್ಯುಲರ್ ಅಂದರೆ ಏಕವಚನ ತಾನೇ? ಅವಳದೇನು ತಪ್ಪು?)

"ನಗ್ಬೇಡ ಕಣೇ, ಬಿಡ್ಸಿ ಹೇಳು" ಅಂದಳು ರೈಲಿನಲ್ಲಿ. ಹೇಳಿದೆ. ಬಲಗಡೆಯೆಲ್ಲ ಸೊನ್ನೆಯೇ ಇರುವ ಸಮೀಕರಣಗಳಿಗೆ ಒಂದು ಉತ್ತರ ಇದ್ದೇ ಇರುತ್ತದೆ. ಎಕ್ಸ್ ಸೊನ್ನೆ, ವೈ ಸೊನ್ನೆ, ಝಡ್ ಸೊನ್ನೆ. ತಪ್ಪಿಲ್ಲ, ಆದರೆ ಕೈಗೇನೂ ಸಿಗುವುದಿಲ್ಲ. ಆ ಸಮೀಕರಣಗಳ ಅಂಕಿಗಳನ್ನು ಸಾಲಾಗಿ ಜೋಡಿಸಿದ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆದರೆ (ಅಂದರೆ ಡಿಟರ್ಮಿನೆಂಟ್ ಸೊನ್ನೆಯಾದರೆ) ಮಾತ್ರ ಬೇರೆ ಉತ್ತರಗಳು. ಅದೂ ಲೆಕ್ಕವಿಲ್ಲದಷ್ಟು.

"ಅಷ್ಟೇನಾ? ನಂದೇ ಚೆನ್ನಾಗಿತ್ತು ಬಿಡೇ" ಅಂದಳು.

ಫೈನಲ್ ಇಯರ್ ಮುಗಿಯುವ ಮೊದಲೇ ಅವಳನ್ನು ಅಜ್ಜಂಪುರಕ್ಕೆ ಕೊಟ್ಟರು. ನಾನು ಓದಿ ಲೆಕ್ಚರರ್ ಆದೆ. ಮತ್ತೆ ನೋಡಿದ್ದು ಹದಿನೈದು ವರ್ಷದ ಮೇಲೆ, ಕಳೆದ ಭಾನುವಾರವೇ.

"ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀನಿ."

"ಮನೇಲೆಲ್ರೂ?"

"ಚೆನ್ನಾಗಿದ್ದಾರೆ."

ಒಳಗಿನಿಂದ ಅತ್ತೆ ಕೂಗಿದರು, "ಯಾರೇ ಬಂದಿರೋದು?"

"ಲೆಕ್ಚರರ್ ಮೇಡಂ, ಅತ್ತೆ."

ನನ್ನ ಗೆಳತಿ ಅನ್ನಬಾರದಿತ್ತೇ? ಒಂದೇ ಒಂದು ಸಲ 'ಏನೇ' ಅನ್ನಲಿ ಅಂತ ಕಾಫಿ ಆರುವವರೆಗೆ ಕಾದೆ. ತಡೆಯಲಾಗದೆ ನಾನೇ ಅಂದೆ, "ಮೇಡಂ ಗೀಡಂ ಎಲ್ಲಾ ಬಿಡೇ ರತ್ನ."

"ಅಯ್ಯೋ, ಹಂಗೆಲ್ಲಾ ಅನ್ನಕ್ಕಾಗುತ್ತಾ? ನೀವೀಗ ದೊಡ್ಡೋರು ಕಣ್ರೀ."

ಕಣ್ರೀ! ಆ 'ರೀ' ಯಾರಿಗೆ ಬೇಕಿತ್ತು?

ವಾಪಸ್ಸು ಬರುವಾಗ ರೈಲಿನಲ್ಲಿ ಎದುರಿನ ಸೀಟು ಖಾಲಿ ಇತ್ತು. ಅವತ್ತು ಕ್ಲಾಸಿನಲ್ಲಿ ನಕ್ಕವರೇ ದಡ್ಡರು ಅನ್ನಿಸಿತು, ನನ್ನನ್ನೂ ಸೇರಿಸಿ. ಚೆನ್ನಾಗಿದ್ದೀರಾ, ಚೆನ್ನಾಗಿದ್ದೀನಿ. ಎಲ್ಲ ಸರಿಯುತ್ತರ, ಎಲ್ಲ ಸೊನ್ನೆ. ಏಕವಚನವಿದ್ದರೆ ತಾನೇ ಬೇರೆ ಉತ್ತರ?

ಏನೇ ರತ್ನಾ, ನಾನು ಬಹುವಚನ ಆಗಿದ್ದು ಯಾವಾಗ ಕಣೇ?