ಉಸಿರಿಗೆ ಹಿಂದಿಯಲ್ಲಿ ಏನೆನ್ನುತ್ತಾರೆ

ಕೋವಿಡ್ ತಣ್ಣಗಾದ ಮರುವರ್ಷ. ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶದ ಬಳಿಯ ಆಸ್ಪತ್ರೆಯೊಂದರಲ್ಲಿ ನಾನು ಮಕ್ಕಳ ವೈದ್ಯೆ. ಮೈಸೂರಿನಿಂದ ಒಬ್ಬಳೇ ಬಂದಿದ್ದೆ. ದಿನಕ್ಕೆ ಎಪ್ಪತ್ತು ಮಕ್ಕಳನ್ನು ನೋಡುತ್ತಿದ್ದರೂ ಕನ್ನಡ ಮಾತಾಡುತ್ತಿದ್ದುದು ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಮಾತ್ರ.

ಆ ಚಳಿಗಾಲದ ಒಂದು ಬೆಳಿಗ್ಗೆ ಸವಿತಾ ಪಾಟೀಲ ಎಂಬ ತಾಯಿ ನಲವತ್ತು ದಿನದ ಹೆಣ್ಣುಮಗುವನ್ನು ತಂದಳು. ಗಂಡ ರೈಲ್ವೆ ನೌಕರ, ತರಬೇತಿಗೆಂದು ವಡೋದರಾದಲ್ಲಿದ್ದ. ಹೆಸರು ನೋಡಿ ಮರಾಠಿಯವಳೆಂದುಕೊಂಡೆ. ಮಗುವಿಗೆ ಮೂಗು ಕಟ್ಟಿತ್ತು, ಜ್ವರವಿರಲಿಲ್ಲ. ಆಕ್ಸಿಜನ್ ಮಟ್ಟ ತೊಂಬತ್ತೈದು. ಹಾಲು ಕುಡಿಯುತ್ತಾಳೆಯೇ ಎಂದು ಹಿಂದಿಯಲ್ಲಿ ಕೇಳಿದೆ.

"ಥೋಡಾ ಪೀತೀ ಹೈ. ಫಿರ್ ಚುಪ್ ಹೋ ಜಾತೀ ಹೈ," ಎಂದಳು ತಡವರಿಸುತ್ತ. ಸ್ವಲ್ಪ ಕುಡಿದು ಸುಮ್ಮನಾಗುತ್ತಾಳೆ.

ಹೊಟ್ಟೆ ತುಂಬಿ ಸುಮ್ಮನಾಗುತ್ತಾಳೆ ಎಂದುಕೊಂಡೆ. ಮೂಗಿಗೆ ಸಲೈನ್ ಹನಿ ಬರೆದುಕೊಟ್ಟೆ. ಅವಳು ಏಳದೆ ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದಳು. ನಾನು ತಲೆ ಎತ್ತಲಿಲ್ಲ.

ಹತ್ತು ನಿಮಿಷದ ನಂತರ ಔಷಧಿ ಕೊಡುವ ಕಿಟಕಿಯ ಕಡೆಯಿಂದ ಕೂಗು ಕೇಳಿಸಿತು: "ಉಸುರು ಬಿಡವಾ ನನ್ನವ್ವ, ಉಸುರು ಬಿಡು."

ಕನ್ನಡ. ಓಡಿದೆ. ಸವಿತಾಳ ಕೈಯಲ್ಲಿ ಮಗು ನೀಲಿಗಟ್ಟಿತ್ತು, ಎದೆ ಅಲುಗುತ್ತಿರಲಿಲ್ಲ. ಒಳಗೆ ತಂದು ಮೂಗಿನ ಸಿಂಬಳ ಎಳೆದು ತೆಗೆದು, ಪುಟ್ಟ ಮಾಸ್ಕ್ ಇಟ್ಟು ಆಂಬು ಬ್ಯಾಗ್ ಒತ್ತತೊಡಗಿದೆ. ಅದು ಕೈಯಿಂದ ಉಸಿರು ತುಂಬುವ ಚೀಲ. ಸುಮಾರು ಒಂದು ನಿಮಿಷದ ಮೇಲೆ ಮಗು ಕೆಮ್ಮಿತು, ಸಣ್ಣಗೆ ಅತ್ತಿತು.

"ಮೊದಲೂ ಹೀಗಾಗಿತ್ತಾ?" ಎಂದು ಕನ್ನಡದಲ್ಲಿ ಕೇಳಿದೆ.

ಸವಿತಾ ನನ್ನ ಮುಖವನ್ನೇ ನೋಡಿದಳು. "ನಿನ್ನೆಯಿಂದ ಮೂರು ಸಲ ಆಗೇತ್ರೀ. ಅದನ್ನ ಹೇಳಾಕ ಬಂದಿದ್ದೆ. ಹಿಂದ್ಯಾಗ ಉಸುರಿಗೆ ಏನಂತಾರ ಗೊತ್ತಾಗ್ಲಿಲ್ಲ."

ಪರೀಕ್ಷೆಯಲ್ಲಿ ಆರ್‌ಎಸ್‌ವಿ ವೈರಸ್ ಎಂದು ಬಂತು. ದೊಡ್ಡವರಿಗೆ ಬರೀ ನೆಗಡಿ ತರುವ ಇದು ಎಳೆಗೂಸುಗಳ ಉಸಿರನ್ನೇ ನಿಲ್ಲಿಸಬಲ್ಲದು. ಮಗು ಆರು ದಿನ ಐಸಿಯುನಲ್ಲಿತ್ತು. ಸಂಜೆ ಕೆಲಸ ಮುಗಿಸಿ ಹೊರಗಿನ ಬೆಂಚಿನಲ್ಲಿ ಸವಿತಾಳ ಪಕ್ಕ ಕೂರುತ್ತಿದ್ದೆ. ಒಂದು ದಿನ, ತಪ್ಪು ನನ್ನದು ಎಂದೆ.

"ನಾನೂ ಎದ್ದು ಹೋಗಬಾರದಾಗಿತ್ತರೀ," ಎಂದಳು. ಅದು ಕ್ಷಮೆಯೋ ಅಲ್ಲವೋ ತಿಳಿಯಲಿಲ್ಲ.

ಮಗು ಗುಣವಾಗಿ ಮನೆಗೆ ಹೋಯಿತು. ಕೆಲವು ತಿಂಗಳಲ್ಲಿ ಸವಿತಾಳ ಗಂಡನಿಗೆ ವರ್ಗವಾಗಿ ಅವರು ಬೇರೆ ಊರಿಗೆ ಹೋದರು. ನಾನು ಇಲ್ಲೇ ಇದ್ದೇನೆ; ಆ ಬೆಂಚಿನಲ್ಲಿ ಕೂರಲು ಕಾರಣವಿಲ್ಲ. ಈಗ ತಾಯಂದಿರ ಮಾತು ಕೇಳಿದ ಮೇಲೂ, ಮಗು ಏನು ಮಾಡುತ್ತದೋ ಮಾಡಿ ತೋರಿಸಿ ಎನ್ನುತ್ತೇನೆ. ಯಾರಾದರೂ ತಮ್ಮ ಎದೆಯ ಮೇಲೆ ಕೈಯಿಟ್ಟು ಉಸಿರು ಹಿಡಿದು ತೋರಿಸಿದರೆ, ಆ ಮಗು ಆ ದಿನ ಮನೆಗೆ ಹೋಗುವುದಿಲ್ಲ.